ನಮ್ಮ ಬೀದಿಗೆ ಲಾರಿ ಬರಬಾರದು ಅಂದರೆ ಯಾರನ್ನು ಕೇಳಬೇಕು?

ಊರೊಳಗಿನ ರಸ್ತೆಗಳಲ್ಲಿ ಓಡಾಡುವ ಭಾರಿ ಲಾರಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಸಂಚಾರ ಎಂಜಿನಿಯರ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆ ತುಮಕೂರು ರಸ್ತೆಯಿಂದ ಎರಡು ಬೀದಿ ಒಳಗೆ. ಮೇನ್ ರೋಡ್ ಜಾಮ್ ಆದರೆ ಸಾಕು, ಟಿಪ್ಪರ್, ಹತ್ತು ಚಕ್ರದ ಲಾರಿ ಎಲ್ಲ ನಮ್ಮ ಬೀದಿಗೆ ನುಗ್ಗುತ್ತವೆ. ಅದೇ ಬೀದಿಯಲ್ಲಿ ಪ್ರೈಮರಿ ಶಾಲೆ ಇದೆ. ಬಡಾವಣೆಯವರೇ ಸೇರಿ 'ಭಾರಿ ವಾಹನಗಳಿಗೆ ಪ್ರವೇಶವಿಲ್ಲ' ಅಂತ ಬೋರ್ಡ್ ಹಾಕಿ, ಬೀದಿ ಬಾಯಿಗೆ ಕಬ್ಬಿಣದ ಕಮಾನು ನಿಲ್ಲಿಸಬಹುದೇ? (ಪೀಣ್ಯದ ಓದುಗರು)

ಉತ್ತರ: ಎರಡೂ ಬೇಡ. ನೀವು ಹಾಕಿದ ಬೋರ್ಡಿಗೆ ಕಾನೂನಿನ ಬಲ ಇಲ್ಲ. ಅದನ್ನು ದಾಟಿ ಬಂದ ಡ್ರೈವರ್‌ಗೆ ಪೊಲೀಸರು ದಂಡ ಹಾಕಲಾಗುವುದಿಲ್ಲ. ಕಮಾನಂತೂ ಅಪಾಯ. ಲಾರಿಯನ್ನು ತಡೆಯುವ ಕಂಬಿ ಅಗ್ನಿಶಾಮಕ ದಳದ ಗಾಡಿಯನ್ನೂ ತಡೆಯುತ್ತದೆ. ಒಳಗಿನ ಮನೆಗೆ ಬೆಂಕಿ ಬಿದ್ದ ದಿನ ಆ ಕಂಬಿ ಕತ್ತರಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ನಿಮ್ಮ ಕೈಗೆ ಬೇಕಾದ್ದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್. ಸಾರ್ವಜನಿಕರ ಸುರಕ್ಷತೆಗಾಗಿ, ಅನುಕೂಲಕ್ಕಾಗಿ, ಇಲ್ಲವೇ ಆ ರಸ್ತೆ ಅಥವಾ ಸೇತುವೆ ಇರುವ ರೀತಿಯೇ ಕಾರಣವಾಗಿ, ಯಾವುದೇ ಬಗೆಯ ವಾಹನವನ್ನು ಅಲ್ಲಿ ನಿಷೇಧಿಸಬಹುದು ಅಂತ ಅದು ಹೇಳುತ್ತದೆ. ಈ ಅಧಿಕಾರ ರಾಜ್ಯ ಸರ್ಕಾರದ್ದು, ಅಥವಾ ಸರ್ಕಾರ ಅಧಿಕಾರ ಕೊಟ್ಟವರದ್ದು. ಬೆಂಗಳೂರಿನಲ್ಲಿ ಅಂದರೆ ಪೊಲೀಸ್ ಆಯುಕ್ತರು. ಆದೇಶ ಗೆಜೆಟ್‌ನಲ್ಲಿ ಬರಬೇಕು, ರಸ್ತೆಯಲ್ಲಿ ಬೋರ್ಡ್ ನಿಲ್ಲಬೇಕು. ಬೋರ್ಡ್ ಇಲ್ಲದೆ ಬರೀ ಆದೇಶ ಇದ್ದರೆ ಡ್ರೈವರ್‌ಗೆ ಅದು ಗೊತ್ತಾಗುವುದಾದರೂ ಹೇಗೆ?

ಜಾಸ್ತಿ ಜನ ಗಮನಿಸದ ಮಾತೊಂದು ಅದೇ ಸೆಕ್ಷನ್‌ನಲ್ಲಿದೆ. ನಿಷೇಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಹಾಗಾಗಿ ಮೊದಲೇ ಕಾಯಂ ನಿಷೇಧ ಕೇಳಬೇಡಿ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಮಾತ್ರ, ಒಂದು ತಿಂಗಳ ಮಟ್ಟಿಗೆ ಪ್ರಯೋಗ ಮಾಡಿ ನೋಡಿ ಅಂತ ಕೇಳಿ. ಅಧಿಕಾರಿಗಳು ಒಪ್ಪುವುದು ಸುಲಭ. ತಿಂಗಳ ಕೊನೆಗೆ ಏನು ಬದಲಾಯಿತು ಅಂತ ತೋರಿಸಲು ನಿಮ್ಮ ಹತ್ತಿರವೂ ಏನಾದರೂ ಇರುತ್ತದೆ.

'ಲಾರಿ ಕಾಟ ತಡೆಯಲಾಗುತ್ತಿಲ್ಲ' ಅಂತ ಬರೆದ ಅರ್ಜಿ ಫೈಲ್ ಸೇರುತ್ತದೆ, ಅಷ್ಟೇ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬೀದಿಯಲ್ಲಿ ನಿಂತು ಎಣಿಸಿ. ಮೂರು ಕಾಲಂ ಮಾಡಿಕೊಳ್ಳಿ. ನಿಮ್ಮ ಬೀದಿಗೇ ಬಂದ ನೀರಿನ ಟ್ಯಾಂಕರ್, ಗ್ಯಾಸ್ ಸಿಲಿಂಡರ್ ಗಾಡಿ ಒಂದು ಕಡೆ. ಅಲ್ಲೇ ಕಟ್ಟುತ್ತಿರುವ ಮನೆಗೆ ಜಲ್ಲಿ, ಎಂ-ಸ್ಯಾಂಡ್ ತಂದವು ಇನ್ನೊಂದು ಕಡೆ. ಒಂದು ತುದಿಯಿಂದ ಬಂದು ಇನ್ನೊಂದು ತುದಿಯಿಂದ ಹೊರಗೆ ಹೋದವು ಮೂರನೇ ಕಡೆ. ತಡೆಯಬೇಕಾದ್ದು ಈ ಮೂರನೆಯದನ್ನು. ಅರ್ಜಿಯಲ್ಲಿ ಇಂಗ್ಲಿಷ್‌ನ 'ಹೆವಿ' ಅಂತ ಸುಮ್ನೆ ಬರೆಯಬೇಡಿ. ಲೋಡ್ ಸೇರಿ ಒಟ್ಟು ತೂಕ 12 ಟನ್ ಮೀರಿದ್ದು ಕಾನೂನಿನ ಲೆಕ್ಕದಲ್ಲಿ ಭಾರಿ ಸರಕು ವಾಹನ. 7.5 ಟನ್ ಒಳಗಿನದು ಲಘು ವಾಹನ. ನಿಮ್ಮ ಅಂಗಡಿಗಳಿಗೆ ಸಾಮಾನು ತರುವ ಸಣ್ಣ ಗೂಡ್ಸ್ ಗಾಡಿ ಈ ನಿಷೇಧದಲ್ಲಿ ಸಿಕ್ಕಿಕೊಳ್ಳಬಾರದು ಅಲ್ವಾ?

ಕೊನೆಗೆ, ಆ ಲಾರಿಗಳು ಬೇರೆ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದನ್ನೂ ಅರ್ಜಿಯಲ್ಲಿ ಬರೆಯಿರಿ. ಇದು ತುಂಬಾ ಮುಖ್ಯ. ನಿಮ್ಮ ಭಾಗದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಎರಡು ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡು ಸೇತುವೆ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ತೆರೆದರು. ಭಾರಿ ವಾಹನಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ನಿಷೇಧ ಸರಿಯಾದದ್ದೇ. ಜನರ ಜೀವದ ಪ್ರಶ್ನೆ ಅದು. ಆದರೆ ಅಷ್ಟೂ ಕಾಲ ಲಾರಿಗಳು ಮಾಯವಾಗಲಿಲ್ಲ. ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಅಂತ ಕೆಳಗಿನ ರಸ್ತೆಯಲ್ಲೇ ಸಾಲುಗಟ್ಟಿದವು. ನಿಮ್ಮ ಬೀದಿ ಮುಚ್ಚಿದರೆ ಪಕ್ಕದ ಬೀದಿಯ ಶಾಲೆ ಮುಂದೆ ಅದೇ ಕಥೆ. ಆದ್ದರಿಂದ ನಾಲ್ಕು ಬೀದಿಯವರು ಕೂಡಿ ಒಂದೇ ಅರ್ಜಿ ಕೊಡಿ.

ಪ್ರಶ್ನೆ: ಹಗಲು ಬೇಡ ಅಂತ ಲಾರಿಗಳನ್ನು ರಾತ್ರಿ ಬಿಡುತ್ತಾರೆ. ರಾತ್ರಿಯೆಲ್ಲ ಹಾರ್ನ್, ಬ್ರೇಕ್ ಸದ್ದು. ವಯಸ್ಸಾದ ತಾಯಿಗೆ ನಿದ್ದೆ ಇಲ್ಲ. ಇದೇನಾ ಪರಿಹಾರ? (ಹೊಸೂರು ರಸ್ತೆ ಪಕ್ಕದ ಓದುಗರು)

ಉತ್ತರ: ನಿಮ್ಮ ತಾಯಿಯ ಕಷ್ಟ ಸಣ್ಣದಲ್ಲ. ಲಂಡನ್‌ನಲ್ಲಿ ನಿಯಮ ನಮ್ಮದಕ್ಕೆ ತದ್ವಿರುದ್ಧ. ಅಲ್ಲಿ 18 ಟನ್ ಮೀರಿದ ಲಾರಿಗಳ ಮೇಲೆ ನಿರ್ಬಂಧ ಇರುವುದು ರಾತ್ರಿ ಮತ್ತು ವಾರಾಂತ್ಯದಲ್ಲಿ. ಜನರ ನಿದ್ದೆ ಕೆಡಬಾರದು ಅನ್ನೋದೇ ಕಾರಣ. ಕೆಲಸ ಇದ್ದರೆ ಪರ್ಮಿಟ್ ತೆಗೆದುಕೊಂಡು ಒಳಗೆ ಬರಬಹುದು. ಆದರೆ ಆದಷ್ಟು ದೂರ ದೊಡ್ಡ ರಸ್ತೆಯಲ್ಲೇ ಬಂದು, ಕೊನೆಯ ತುಣುಕಿಗೆ ಮಾತ್ರ ಮನೆಗಳ ನಡುವಿನ ರಸ್ತೆಗೆ ಇಳಿಯಬೇಕು.

ಆ ಸಮಯವನ್ನು ಹಾಗೇ ಇಲ್ಲಿಗೆ ತಂದರೆ ಬೆಂಗಳೂರು ಹಗಲಲ್ಲಿ ನಿಂತುಹೋಗುತ್ತದೆ. ತರಬೇಕಾದ್ದು ದಾರಿ ಗೊತ್ತುಮಾಡುವ ಆ ಪದ್ಧತಿಯನ್ನು. ನಮ್ಮಲ್ಲಿ ಲಾರಿಗೆ ಯಾವ ಗಂಟೆ ಅಂತ ಹೇಳುತ್ತೇವೆ, ಯಾವ ರಸ್ತೆ ಅಂತ ಹೇಳುವುದು ಕಡಿಮೆ. ನೋ ಎಂಟ್ರಿ ಮುಗಿಯುವ ತನಕ ಲಾರಿ ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಇನ್ನೂ ಕಡಿಮೆ. ಅದಕ್ಕೇ ಹಗಲೆಲ್ಲ ಹೈವೇ ಅಂಚಿನಲ್ಲಿ ಸಾಲಾಗಿ ಲಾರಿ ನಿಂತಿರುತ್ತವೆ. ಡ್ರೈವರ್‌ಗೆ ಶೌಚಾಲಯ ಇಲ್ಲ, ಮಲಗಲು ಜಾಗ ಇಲ್ಲ. ಹೊತ್ತಾದ ಕೂಡಲೇ ಎಲ್ಲ ಒಟ್ಟಿಗೆ ಹೊರಡುತ್ತವೆ, ಬೆಳಗಾಗುವುದರೊಳಗೆ ಲೋಡ್ ಇಳಿಸಿ ಊರು ಬಿಡಬೇಕಲ್ಲ. ಇಡೀ ದಿನ ಬಿಸಿಲಲ್ಲಿ ಕಾದವನು ರಾತ್ರಿ ನಮ್ಮ ಬೀದಿಗಳಲ್ಲಿ ಅವಸರದಲ್ಲಿ ಓಡಿಸುತ್ತಾನೆ. ಇದರಲ್ಲಿ ಡ್ರೈವರ್‌ನ ತಪ್ಪಿಗಿಂತ ನಮ್ಮ ವ್ಯವಸ್ಥೆಯ ತಪ್ಪು ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

ಯಶವಂತಪುರದಲ್ಲಿ ಎಪಿಎಂಸಿ ಯಾರ್ಡ್ ಹತ್ತಿರ ದೇವರಾಜ ಅರಸು ಹೆಸರಿನ ಟ್ರಕ್ ಟರ್ಮಿನಲ್ ಇದೆ. ಅಂಥದ್ದು ಹೊಸೂರು ರಸ್ತೆ, ಹಳೇ ಮದ್ರಾಸ್ ರಸ್ತೆ, ಮೈಸೂರು ರಸ್ತೆ, ಬಳ್ಳಾರಿ ರಸ್ತೆ ಎಲ್ಲದರ ಬಾಯಲ್ಲೂ ಬೇಕು. ಊರಿಗೆ ಕೆಲಸವೇ ಇಲ್ಲದ ಲಾರಿ ಒಳಗೆ ಬರಲೇಬಾರದು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ನೈಸ್ ರಸ್ತೆ ಇದೆ, ಆದರೆ ಟೋಲ್ ಉಳಿಸಲು ಎಷ್ಟೋ ಜನ ಊರೊಳಗೇ ಬರುತ್ತಾರೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆ ಕಡೆಗೆ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಬಂದ ಮೇಲೆ ಉತ್ತರದ ಕಡೆ ಒಂದು ದಾರಿ ಸಿಕ್ಕಿದೆ. ರಾತ್ರಿ ಹೊತ್ತು ಲಾರಿಗಳಿಗೆ ಹೊರ ರಸ್ತೆಯ ಟೋಲ್ ಇಳಿಸಿದರೆ ನಿಮ್ಮ ತಾಯಿಗೆ ಒಂದಿಷ್ಟು ನಿದ್ದೆ ಸಿಗುತ್ತದೆ. ಈ ಬೇಡಿಕೆಯನ್ನು ನಿಮ್ಮ ಶಾಸಕರ ಮುಂದೆ ಇಡಿ.

ಪ್ರಶ್ನೆ: ಡಾಂಬರು ಹಾಕಿದ ಒಂದೇ ವರ್ಷಕ್ಕೆ ರಸ್ತೆ ಕಿತ್ತುಬರುತ್ತದೆ. ಕಳಪೆ ಕಾಮಗಾರಿಯೋ, ಲಾರಿಯೋ? (ಹೊಸಕೋಟೆಯ ಓದುಗರು)

ಉತ್ತರ: ಎರಡೂ ಇರಬಹುದು, ಚರಂಡಿ ನೀರೂ ಸೇರಿರಬಹುದು. ಆದರೆ ಲಾರಿಯ ಪಾಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಿ ಪರೀಕ್ಷೆ ಮಾಡಿದರು. ಆಕ್ಸಲ್, ಅಂದರೆ ಎಡ-ಬಲ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗೆ ಬೀಳುವ ಏಟು ಹೆಚ್ಚುಕಮ್ಮಿ 16 ಪಟ್ಟು ಅಂತ ಗೊತ್ತಾಯಿತು.

ನಮ್ಮಲ್ಲಿ ಡಾಂಬರು ರಸ್ತೆಯ ಲೆಕ್ಕ ಹಾಕುವುದು 8.16 ಟನ್‌ನ ಆಕ್ಸಲ್ ಇಟ್ಟುಕೊಂಡು. 2018ರ ಜುಲೈವರೆಗೆ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಮಿತಿ ಇತ್ತು. ಕೇಂದ್ರ ಅದನ್ನು 11.5 ಟನ್‌ಗೆ ಏರಿಸಿತು. ಕೇಳಲು ಸಣ್ಣ ಏರಿಕೆ. ಆದರೆ ಲೆಕ್ಕ ಮಾಡಿದರೆ, ಮೊದಲು ಆ 8.16 ಟನ್‌ನ ಎರಡೂವರೆ ಆಕ್ಸಲ್‌ನಷ್ಟು ಏಟು ಬೀಳುತ್ತಿದ್ದ ಕಡೆ ಈಗ ನಾಲ್ಕರಷ್ಟು ಬೀಳುತ್ತದೆ. ಇದು ಕಾನೂನು ಒಪ್ಪಿದ ಭಾರ. ಅದರ ಮೇಲೆ 20 ಪರ್ಸೆಂಟ್ ಓವರ್‌ಲೋಡ್ ಹೇರಿದರೆ ಅದೂ ದುಪ್ಪಟ್ಟು.

ಓವರ್‌ಲೋಡ್‌ಗೆ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡ ಇಟ್ಟಿದ್ದಾರೆ. ಜಾಸ್ತಿ ಇರುವ ಲೋಡ್ ಇಳಿಸದೆ ಗಾಡಿ ಬಿಡುವಂತಿಲ್ಲ. ನನ್ನ ಪ್ರಕಾರ ಈ ಎರಡನೆಯದೇ ನಿಜವಾದ ಅಸ್ತ್ರ. ದಂಡವನ್ನು ಬಾಡಿಗೆಯಲ್ಲಿ ಸೇರಿಸಿಕೊಳ್ಳಬಹುದು, ನಡುರಸ್ತೆಯಲ್ಲಿ ಜಲ್ಲಿ ಇಳಿಸುವುದನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ತೂಕ ನೋಡಬೇಕಾದ್ದು ಜಲ್ಲಿ ಕ್ರಷರ್ ಬಾಗಿಲಲ್ಲೇ, ಲಾರಿ ಹೊರಡುವ ಮೊದಲು.

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರ, ಪೊಲೀಸ್ ಆಯುಕ್ತರು ಇಲ್ಲ. ಯಾರಿಗೆ ಅರ್ಜಿ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಜಿಲ್ಲಾಧಿಕಾರಿಗೆ. 2019ರ ಭೂಕುಸಿತದ ನಂತರ ನಿಮ್ಮ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ನಿಂತದ್ದು ಇಂಥ ಆದೇಶದಿಂದಲೇ. ಒಂದು ಪ್ರತಿ ಎಸ್‌ಪಿ ಕಚೇರಿಗೂ ಕೊಡಿ.

ಪ್ರಶ್ನೆ: ದಿನಾ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸಿಗ್ನಲ್‌ನಲ್ಲಿ ಲಾರಿ ಪಕ್ಕ ನಿಲ್ಲಲು ಭಯ. ಏನು ಮಾಡಲಿ? (ಕೆ.ಆರ್. ಪುರದ ಓದುಗರು)

ಉತ್ತರ: ನಿಮ್ಮ ಭಯ ಸರಿಯಾಗಿದೆ. ಡ್ರೈವರ್ ಕೂರುವುದು ಬಲಗಡೆ, ಎತ್ತರದಲ್ಲಿ. ಎಡಬಾಗಿಲ ಕೆಳಗೆ ಮತ್ತು ಬಂಪರ್ ಮುಂದೆ ಇರುವ ಸ್ಕೂಟರ್ ಅವನಿಗೆ ಕಾಣುವುದೇ ಇಲ್ಲ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಎಳೆದುಕೊಂಡು ಬರುತ್ತದೆ. ಎಡಗಡೆ ಸಂದು ಕಂಡಿತು ಅಂತ ದಯವಿಟ್ಟು ನುಗ್ಗಬೇಡಿ. ಎರಡು ನಿಮಿಷ ತಡವಾದರೂ ಲಾರಿಯ ಹಿಂದೆಯೇ, ಅದರ ಸೈಡ್ ಕನ್ನಡಿಯಲ್ಲಿ ಡ್ರೈವರ್‌ನ ಮುಖ ನಿಮಗೆ ಕಾಣುವಷ್ಟು ದೂರದಲ್ಲಿ ನಿಲ್ಲಿ. ನಿಮಗೆ ಅವನ ಮುಖ ಕಂಡರೆ ಅವನಿಗೂ ನೀವು ಕಾಣುತ್ತೀರಿ.

ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ, ಪಕ್ಕದಲ್ಲಿ ಅಡ್ಡಪಟ್ಟಿ ಇರಬೇಕು. ಬಿದ್ದವರು ಚಕ್ರದ ಕೆಳಗೆ ಹೋಗದಂತೆ ಅದು ತಡೆಯುತ್ತದೆ. ಎಷ್ಟೋ ಟಿಪ್ಪರ್‌ಗಳಲ್ಲಿ ಅದು ಬಾಗಿಹೋಗಿರುತ್ತದೆ, ಇಲ್ಲವೇ ಬಿಚ್ಚಿಟ್ಟಿರುತ್ತಾರೆ. ಲಂಡನ್‌ನಲ್ಲಿ 12 ಟನ್ ಮೀರಿದ ಲಾರಿಯ ಕ್ಯಾಬಿನ್‌ನಿಂದ ರಸ್ತೆ ಎಷ್ಟು ಕಾಣುತ್ತದೆ ಅಂತ ಅಳೆದು ಪರ್ಮಿಟ್ ಕೊಡುತ್ತಾರೆ, 2021ರಿಂದ ಪರ್ಮಿಟ್ ಇಲ್ಲದವರಿಗೆ ದಂಡ. ನಮ್ಮ ಊರೊಳಗೆ ಓಡುವ ಕಾಂಕ್ರೀಟ್ ಮಿಕ್ಸರ್, ಟಿಪ್ಪರ್, ಕಸದ ಲಾರಿಗಳಿಗಾದರೂ ಇದು ಬರಬೇಕು. ಪಕ್ಕದ ಪಟ್ಟಿ ಇಲ್ಲದ ಲಾರಿ ಕಂಡರೆ, ಸುರಕ್ಷಿತವಾಗಿ ನಿಂತು ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದು ಸಂಚಾರ ಪೊಲೀಸರಿಗೆ ಕಳಿಸಿ. ಅದೇ ಫೋಟೊವನ್ನು ಆರ್‌ಟಿಒ ಕಚೇರಿಗೂ ಕೊಡಿ. ಗಾಡಿಯ ಫಿಟ್ನೆಸ್ ವಿಚಾರ ಆ ಇಲಾಖೆಯದು.