ಲಂಡನ್ನಿನ ನಲ್ಲಿ ನೀರಿನಲ್ಲಿ ಕಪ್ಪು ಸ್ಟೌಟ್ ಬಿಯರ್ ಚೆನ್ನಾಗಿ ಬರುತ್ತೆ, ತಿಳಿ ಬಣ್ಣದ ಪೇಲ್ ಏಲ್ ಮಾತ್ರ ಚೊಗರು ಯಾಕೆ?

ಪೇಲ್ ಏಲ್ ಚೊಗರು, ಜೊತೆಗೆ ಔಷಧಿ ವಾಸನೆ, ಎಷ್ಟು ಚಮಚ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್ ಪುಡಿ) ಹಾಕಲಿ ಅಂತ ಕೇಳಿದ್ದೀರಿ. ನಾನೂ ಲಂಡನ್ನಿನಲ್ಲೇ ಮನೆಯಲ್ಲಿ ಬಿಯರ್ ಮಾಡುವವನು. ಜಿಪ್ಸಮ್ ಆಮೇಲೆ ನೋಡೋಣ. ಈ ನೀರಿಗೆ ಹಾಕುವುದಕ್ಕಿಂತ ಇದರಿಂದ ತೆಗೆಯುವುದೇ ಜಾಸ್ತಿ ಇದೆ.

ಔಷಧಿ ವಾಸನೆಗೆ ಕಾರಣ ಬಹುಶಃ ಕ್ಲೋರಮೀನ್, ಅಂದರೆ ನಲ್ಲಿ ನೀರು ಕೆಡದಂತೆ ಹಾಕುವ ಕ್ಲೋರಿನ್ ಸಂಯುಕ್ತ. ಅದು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಫೀನಾಲ್ ಎಂಬ ಅಂಶಗಳ ಜೊತೆ ಸೇರಿದರೆ ಬ್ಯಾಂಡೇಜ್ ವಾಸನೆ ಬರುತ್ತದೆ, ಚೂರೇ ಚೂರಿದ್ದರೂ ಮೂಗಿಗೆ ಹೊಡೆಯುತ್ತದೆ. ಸ್ಟೌಟ್‌ನ ಕರಕಲು ರುಚಿಯಲ್ಲಿ ಅಡಗಿರಬಹುದು. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಇದು ಹೋಗುವುದಿಲ್ಲ. 20 ಲೀಟರಿಗೆ ಅರ್ಧ ಕ್ಯಾಂಪ್‌ಡೆನ್ ಮಾತ್ರೆ (ಕ್ಲೋರಮೀನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಕಲಕಿ. ಕೆಲವೇ ನಿಮಿಷದ ಕೆಲಸ.

ಚೊಗರಿನ ಕಥೆ ಬೇರೆ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುತ್ತದೆ ಅಲ್ವಾ, ಅಂಥದೇ ಗಡಸು ನೀರು ಇದು. ಕೆಟಲ್ ತಳದ ಬಿಳಿ ಪದರ ನೋಡಿ. ಮ್ಯಾಶ್‌ನ, ಅಂದರೆ ಬಿಸಿನೀರಿನಲ್ಲಿ ನೆನೆಸಿದ ಮಾಲ್ಟ್‌ನ, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ) 5.2ರಿಂದ 5.6ರೊಳಗೆ ಇರಬೇಕು. ನೀರಿನ ಬೈಕಾರ್ಬನೇಟ್ ಅದನ್ನು ಮೇಲೆ ಎಳೆಯುತ್ತದೆ, ಆಗ ಹೊಟ್ಟಿನ ಟ್ಯಾನಿನ್ ಬಿಟ್ಟುಕೊಂಡು ಚೊಗರಾಗುತ್ತದೆ. ಹುರಿದ ಕಪ್ಪು ಮಾಲ್ಟ್‌ಗೆ ಸ್ವಂತ ಹುಳಿ ಇದೆ, ಅದು ಸರಿದೂಗಿಸುತ್ತದೆ. ತಿಳಿ ಮಾಲ್ಟ್‌ಗೆ ಆ ಶಕ್ತಿ ಇಲ್ಲ. ಲಂಡನ್ ಪೋರ್ಟರ್ ಎಂಬ ಕಪ್ಪು ಬಿಯರ್‌ಗೆ, ಚೆಕ್ ದೇಶದ ಪ್ಲ್ಜೆನ್ ತಿಳಿ ಲಾಗರ್ ಬಿಯರ್‌ಗೆ ಹೆಸರಾದದ್ದರಲ್ಲಿ ಆಯಾ ಊರಿನ ನೀರಿನ ಪಾಲೂ ಇದೆ. ಅಂದಹಾಗೆ, ಈ ಪಿಎಚ್ ಅಳತೆಯೇ ಹುಟ್ಟಿದ್ದು ಬಿಯರ್ ಕಂಪನಿಯ ಲ್ಯಾಬ್‌ನಲ್ಲಿ: 1909ರಲ್ಲಿ ಕಾರ್ಲ್ಸ್‌ಬರ್ಗ್‌ನಲ್ಲಿ ಸೋರೆನ್ಸನ್ ಎಂಬ ರಸಾಯನ ವಿಜ್ಞಾನಿ ತಂದದ್ದು.

ನಿಮ್ಮ ಏರಿಯಾದ ನೀರಿನ ವರದಿಯಲ್ಲಿ ಆಲ್ಕಲಿನಿಟಿ ನೋಡಿ, ಪಿಎಚ್ ಮೇಲೆ ಎಳೆಯುವ ಆ ಬೈಕಾರ್ಬನೇಟ್‌ನ ಅಳತೆ ಅದೇ. ಲೀಟರಿಗೆ 200 ಮಿ.ಗ್ರಾಂ ಇದ್ದರೆ ಅದನ್ನು 50ಕ್ಕೆ ಇಳಿಸಲು 20 ಲೀಟರಿಗೆ 80 ಶೇಕಡಾದ ಲ್ಯಾಕ್ಟಿಕ್ ಆಸಿಡ್ ಸುಮಾರು 6 ಮಿ.ಲೀ. ಬೇಕು. ಅಷ್ಟು ಹಾಕಿದರೆ ಕೆಲವರ ನಾಲಿಗೆಗೆ ಹುಳಿ ಸಿಗುತ್ತದೆ. ನಾನು ಅರ್ಧಕ್ಕರ್ಧ ಆರ್‌ಓ ನೀರು ಬೆರೆಸುತ್ತೇನೆ, ಆಗ 2 ಮಿ.ಲೀ. ಸಾಕು. ಆರ್‌ಓ ಸಿಗದಿದ್ದರೆ ಹಿಂದಿನ ದಿನ ನೀರನ್ನು ಅರ್ಧ ಗಂಟೆ ಕುದಿಸಿ ಆರಿಸಿ, ತಳದ ಸುಣ್ಣ ಕದಡದಂತೆ ಮೇಲಿನ ನೀರು ಬಗ್ಗಿಸಿಕೊಳ್ಳಿ. ಗ್ಯಾಸ್ ದಂಡ, ಆದರೆ ಕೆಲಸ ಆಗುತ್ತದೆ.

ಈಗ ಜಿಪ್ಸಮ್. ಚಮಚದ ಲೆಕ್ಕ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. 20 ಲೀಟರಿಗೆ 4 ಗ್ರಾಂ ಹಾಕಿದರೆ ಸಲ್ಫೇಟ್ ಲೀಟರಿಗೆ ಸುಮಾರು 110 ಮಿ.ಗ್ರಾಂ ಏರುತ್ತದೆ, ಹಾಪ್ಸ್‌ನ (ಬಿಯರ್‌ಗೆ ಕಹಿ ಕೊಡುವ ಹೂವಿನ) ಕಹಿ ಚೊಕ್ಕವಾಗಿ ಗೊತ್ತಾಗುತ್ತದೆ. ಪೇಲ್ ಏಲ್‌ಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಊರಿನ ಸಲ್ಫೇಟ್ ತುಂಬಿದ ನೀರನ್ನೇ ನಕಲು ಮಾಡುತ್ತೇನೆ ಅಂತ ಸುಮ್ನೆ ಹತ್ತಾರು ಗ್ರಾಂ ಸುರಿಯಬೇಡಿ, ನನಗಂತೂ ಅದು ಸೀಮೆಸುಣ್ಣ ನೆಕ್ಕಿದ ಹಾಗಿರುತ್ತದೆ. ಮೆತ್ತನೆಯ, ಮಾಲ್ಟ್ ರುಚಿಯ ಬಿಯರ್ ಬೇಕಿದ್ದರೆ ಜಿಪ್ಸಮ್ ಬದಲು ಕ್ಯಾಲ್ಸಿಯಂ ಕ್ಲೋರೈಡ್.

ಸ್ಟೌಟ್ ಮಾಡುವ ದಿನ ಆಸಿಡ್ ಬಾಟಲಿ ತೆಗೆಯುವುದೇ ಬೇಡ. ಕ್ಯಾಂಪ್‌ಡೆನ್ ಮಾತ್ರೆ ಮಾತ್ರ ತಪ್ಪಿಸಬೇಡಿ.