ಸ್ವಂತ ಮಗನಿಗೆ ತಪ್ಪಿದ ಪಟ್ಟ: ಸಗಾಯಿಂಗ್ ರಾಜ್ಯ ಹುಟ್ಟಿದ್ದು ಹೇಗೆ?

ಪ್ರಶ್ನೆ: ಬರ್ಮಾದ ಪಿನ್ಯಾ ದೊರೆ ತಿಹತು ತನ್ನ ಸ್ವಂತ ಮಗ ಸೋ ಯುನ್‌ನನ್ನು ಬಿಟ್ಟು ಮಲಮಗ ಉಜಾನಾನನ್ನು ಯುವರಾಜನನ್ನಾಗಿ ಮಾಡಿದನಂತೆ. ಯಾವ ತಂದೆಯಾದರೂ ಹೀಗೆ ಮಾಡುತ್ತಾನೆಯೇ?

ಉತ್ತರ: ತಿಹತುವಿನ ಕುರ್ಚಿ ಎಷ್ಟು ಅಲುಗಾಡುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಮಂಗೋಲರ ದಾಳಿಗೆ ಪಗಾನ್ ಸಾಮ್ರಾಜ್ಯ ಕುಸಿದು, 1287ರಲ್ಲಿ ದೊರೆ ನರತಿಹಪತೆ ಕೊಲೆಯಾದ. ಆಮೇಲೆ ಪಟ್ಟಕ್ಕೆ ಬಂದ ಅವನ ಮಗ ಕ್ಯೋಸ್ವಾ ಹೆಸರಿಗಷ್ಟೇ ದೊರೆ. ನಿಜವಾದ ಬಲ ಇದ್ದದ್ದು ಕ್ಯೋಕ್ಸೆ ಬಯಲಿನ ಮೂವರು ಅಣ್ಣತಮ್ಮಂದಿರಾದ ಅತಿಂಖಯಾ, ಯಾಜತಿಂಜಾನ್ ಮತ್ತು ತಿಹತು ಅವರ ಕೈಯಲ್ಲಿ. ಕಾಲುವೆ ನೀರಾವರಿಯ ಭತ್ತದ ಗದ್ದೆಗಳೆಲ್ಲ ಅವರ ಹಿಡಿತದಲ್ಲಿದ್ದವು. ಕ್ಯೋಸ್ವಾ 1297ರಲ್ಲಿ ಮಂಗೋಲರಿಗೆ ಸಾಮಂತನಾಗಲು ಒಪ್ಪಿದಾಗ, ಅದೇ ವರ್ಷದ ಡಿಸೆಂಬರಿನಲ್ಲಿ ಈ ಅಣ್ಣತಮ್ಮಂದಿರು ಅವನನ್ನು ಕೆಳಗಿಳಿಸಿದರು.

ಬಲವಿತ್ತು, ಅನ್ನವಿತ್ತು, ರಾಜರಕ್ತ ಮಾತ್ರ ಇರಲಿಲ್ಲ. ಆ ಕೊರತೆ ನೀಗಿಸಿಕೊಳ್ಳಲೆಂದೇ ತಿಹತು ಕ್ಯೋಸ್ವಾನ ರಾಣಿ ಮೀ ಸೋ ಊಳನ್ನು ಮದುವೆಯಾದ. ಆಕೆ ನರತಿಹಪತೆಯ ಮಗಳೂ ಹೌದು. ಮದುವೆಯ ಹೊತ್ತಿಗಾಗಲೇ ಕ್ಯೋಸ್ವಾನಿಂದ ಗರ್ಭಿಣಿಯಾಗಿದ್ದಳು. 1298ರಲ್ಲಿ ಹುಟ್ಟಿದ ಉಜಾನಾ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಪಗಾನ್ ವಂಶದ ಕುಡಿ. ಸೋ ಯುನ್ ಹುಟ್ಟಿದ್ದು ಸುಮಾರು 1300ರಲ್ಲಿ. ಅವನ ತಾಯಿಯ ಹೆಸರು ಯದನಾಬೋನ್, ಹಳ್ಳಿಯೊಂದರ ಸಾಮಾನ್ಯ ಮನೆತನದವಳು.

1313ರಲ್ಲಿ ತಿಹತು ಪಿನ್ಯಾ ನಗರ ಕಟ್ಟಿ, ಪಗಾನ್‌ನ ವಾರಸುದಾರ ತಾನೇ ಎಂದು ಸಾರಿದ. ಹಾಗೆ ಸಾರಿದವನು ಪಗಾನ್ ರಕ್ತದ ಹುಡುಗನನ್ನು ಬದಿಗಿಟ್ಟು ಹಳ್ಳಿಯ ಹೆಣ್ಣಿನ ಮಗನಿಗೆ ಪಟ್ಟ ಕಟ್ಟಿದರೆ, ಸಾರಿದ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಆದ್ದರಿಂದ ಇದು ತಂದೆಯ ಅಕ್ಕರೆಯ ಪ್ರಶ್ನೆಯಲ್ಲ, ರಾಜ್ಯದ ಲೆಕ್ಕಾಚಾರ. ಮೀ ಸೋ ಊಳಿಗೆ ತಿಹತುವಿನಿಂದಲೇ ಹುಟ್ಟಿದ ಇನ್ನೊಬ್ಬ ಮಗನಿದ್ದ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಅವನ ಹೆಸರೂ ಕ್ಯೋಸ್ವಾ. ಅಂದರೆ ಸೋ ಯುನ್‌ನ ಮುಂದೆ ನಿಂತಿದ್ದವರು ಒಬ್ಬರಲ್ಲ, ಇಬ್ಬರು. ಉಜಾನಾ ಇಲ್ಲದಿದ್ದರೂ ಪಟ್ಟ ಇವನ ಪಾಲಿಗೆ ಬರುವಂತಿರಲಿಲ್ಲ.

ಪ್ರಶ್ನೆ: ಪಟ್ಟ ತಪ್ಪಿದ ಸೋ ಯುನ್ ಸಗಾಯಿಂಗ್‌ನಲ್ಲಿ ಬೇರೆ ಆಳ್ವಿಕೆ ಹೂಡಿದನಂತೆ. ಹದಿನೈದು ಹದಿನಾರರ ಹುಡುಗ ತಂದೆಯ ವಿರುದ್ಧ ನಿಂತು ಉಳಿದದ್ದಾದರೂ ಹೇಗೆ?

ಉತ್ತರ: ಮೊದಲ ಕಾರಣ ನದಿ. ಉತ್ತರದಿಂದ ಹರಿದು ಬರುವ ಐರಾವತಿ ಸಗಾಯಿಂಗ್ ಬಳಿ ಪಶ್ಚಿಮಕ್ಕೆ ತಿರುಗುತ್ತದೆ. ಪಿನ್ಯಾ ಇದ್ದದ್ದು ನದಿಯ ಈಚೆ, ಸಗಾಯಿಂಗ್ ಆಚೆ ದಡದಲ್ಲಿ. ಊರಿನ ಬೆನ್ನಿಗೆ ಗುಡ್ಡಸಾಲು. ತಂದೆಯ ಸೈನ್ಯ ಎಷ್ಟೇ ದೊಡ್ಡದಿದ್ದರೂ ಆನೆ, ಕುದುರೆ, ಅಕ್ಕಿ ಎಲ್ಲವನ್ನೂ ದೋಣಿಯಲ್ಲಿ ದಾಟಿಸಿ, ಶತ್ರು ಕಾದಿರುವ ದಡದಲ್ಲೇ ಇಳಿಯಬೇಕು. ಮುಂಗಾರಿನಲ್ಲಿ ನದಿ ಉಕ್ಕಿದರೆ ಆ ಯೋಚನೆಯನ್ನೇ ಬಿಡಬೇಕು.

ಇನ್ನೊಂದು ಅನುಕೂಲವನ್ನು ಸ್ವತಃ ತಿಹತುವೇ ಮಾಡಿಕೊಟ್ಟಿದ್ದ. ಮುನಿಸಿಕೊಂಡ ಮಗನನ್ನು ಸಮಾಧಾನಪಡಿಸಲು ಸಗಾಯಿಂಗ್‌ನ ಅಧಿಕಾರ ಕೊಟ್ಟ. ಸಿಂಹಾಸನ ತಪ್ಪಿದ ರಾಜಕುಮಾರನ ಕೈಗೆ ಕಂದಾಯ, ಆಳುಕಾಳು ಮತ್ತು ಸಹಜ ಕೋಟೆಯಂಥ ಜಾಗ ಮೂರನ್ನೂ ಒಟ್ಟಿಗೆ ಕೊಟ್ಟದ್ದು ದೊಡ್ಡ ಎಡವಟ್ಟು ಎಂದೇ ನಮ್ಮ ಅಭಿಪ್ರಾಯ. 1315ರ ಮೇ 15ರಂದು ಸೋ ಯುನ್ ಅಲ್ಲಿ ತನ್ನದೇ ಆಳ್ವಿಕೆ ಶುರು ಮಾಡಿದ. ಮೊದಲು ಊರ ಸುತ್ತ ಇದ್ದದ್ದು ಮರದ ಬೇಲಿ. ಅದರ ಜಾಗದಲ್ಲಿ ಇಟ್ಟಿಗೆಯ ಗೋಡೆ ಎದ್ದಿತು. ಮರದ ಬೇಲಿಗೆ ಬೆಂಕಿ ಇಟ್ಟು ಒಳನುಗ್ಗಬಹುದು, ಇಟ್ಟಿಗೆ ಗೋಡೆಯ ಮುಂದೆ ಮುತ್ತಿಗೆ ಹಾಕಿ ಕಾಯಬೇಕು. ಕಾಯಲು ದಿನವೂ ಅಕ್ಕಿ ಬೇಕು, ಆ ಅಕ್ಕಿ ನದಿ ದಾಟಿಯೇ ಬರಬೇಕು. 1317ರಲ್ಲಿ ತಿಹತು ಕಳಿಸಿದ ಎರಡು ದಂಡುಗಳೂ ಬರಿಗೈಯಲ್ಲಿ ಮರಳಿದವು. ಅವು ಸಣ್ಣ ದಂಡುಗಳು. ಮಗನನ್ನು ಮುಗಿಸಿಬಿಡುವ ಮನಸ್ಸು ತಂದೆಗೆ ಇದ್ದಂತೆ ಕಾಣುವುದಿಲ್ಲ.

ಇದನ್ನು ತಂದೆ ಮಗನ ಮಹಾಯುದ್ಧವೆಂದು ಬಣ್ಣಿಸುವ ಬರಹಗಳು ದಾರಿ ತಪ್ಪಿಸುತ್ತವೆ. ತಿಹತು ಬದುಕಿರುವವರೆಗೆ ತಂದೆಯೆಂಬ ಮೇಲ್ಮಾತಿನ ಗೌರವವಾದರೂ ಉಳಿದಿತ್ತು. 1325ರಲ್ಲಿ ಅವನು ತೀರಿಕೊಂಡು ಉಜಾನಾ ಪಟ್ಟಕ್ಕೆ ಬಂದಾಗಲೇ ರಾಜ್ಯ ನಿಜವಾಗಿ ಎರಡಾದದ್ದು. ಉತ್ತರದಲ್ಲಿ ತಗೌಂಗ್ ಕಡೆಗಿನ ಸೀಮೆ ಸಗಾಯಿಂಗ್‌ಗೆ, ಕ್ಯೋಕ್ಸೆ ಗದ್ದೆಗಳೂ ದಕ್ಷಿಣವೂ ಪಿನ್ಯಾಕ್ಕೆ.

ಪ್ರಶ್ನೆ: ಸೋ ಯುನ್‌ನ ವಂಶ ಎಷ್ಟು ಕಾಲ ಆಳಿತು?

ಉತ್ತರ: ಸೋ ಯುನ್ 1327ರ ಫೆಬ್ರವರಿಯಲ್ಲೇ ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ. ಮಕ್ಕಳು ಚಿಕ್ಕವರಾದ್ದರಿಂದ ಮಲಸಹೋದರ ತರಬ್ಯಾ ಗದ್ದುಗೆ ಏರಿ, ಸೋ ಯುನ್‌ನ ರಾಣಿ ಸೋ ನೌಂಗ್‌ಳನ್ನು ಮದುವೆಯಾದ. ತರಬ್ಯಾನನ್ನು ಅವನ ಮಗ ಶ್ವೇತೌಂಗ್‌ತೆಟ್ ಕೆಳಗಿಳಿಸಿದ. ಆಗ ಸೋ ಯುನ್‌ನ ಮಕ್ಕಳ ಜೀವಕ್ಕೇ ಅಪಾಯ ಬಂತು. ಮಂತ್ರಿ ನಂದ ಪಕ್ಯಾನ್ ಅವರನ್ನು ಗುಟ್ಟಾಗಿ ದೂರದ ಮಿಂಡೋನ್‌ಗೆ ಸಾಗಿಸಿದ. ಶ್ವೇತೌಂಗ್‌ತೆಟ್ 1339ರಲ್ಲಿ ಹತನಾದ ಮೇಲೆ ಸೋ ಯುನ್‌ನ ಮೂವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಆಳಿದರು. ಆ ಮಂತ್ರಿಯ ಎದೆಗಾರಿಕೆ ಇಲ್ಲದಿದ್ದರೆ ಈ ವಂಶ ಅಲ್ಲಿಗೇ ಮುಗಿಯುತ್ತಿತ್ತು.

ಕೊನೆಗೆ ಎರಡೂ ರಾಜಧಾನಿಗಳನ್ನು 1364ರಲ್ಲಿ ಉತ್ತರದ ಮಾವ್ ರಾಜ್ಯದ ಶಾನ್ ಜನರು ಸೂರೆ ಮಾಡಿದರು. ಸಗಾಯಿಂಗ್ ಮೇಲೆ ಅವರನ್ನು ಎತ್ತಿಕಟ್ಟಿದ್ದ ಪಿನ್ಯಾದ ದೊರೆ ನರತುವನ್ನೂ ಹೊತ್ತೊಯ್ದರು. ಉಳಿದ ಬೂದಿಯ ಮೇಲೆ ಸೋ ಯುನ್‌ನ ಮಗಳ ಮಗ ಥಾಡೋ ಮಿನ್ಬ್ಯಾ ಎರಡನ್ನೂ ಗೆದ್ದು ಒಂದುಮಾಡಿ, ನದಿಯ ಈಚೆ ದಡದಲ್ಲಿ ಆವಾ ನಗರ ಕಟ್ಟಿದ.

ಪ್ರಶ್ನೆ: ಆವಾ ಕಟ್ಟಿದ್ದು ಒಂದು ಪುಸ್ತಕದಲ್ಲಿ 1364, ಇನ್ನೊಂದರಲ್ಲಿ 1365. ಯಾವುದು ಸರಿ?

ಉತ್ತರ: 1365. ತಪ್ಪು ನುಸುಳುವುದು ಕೂಡುವಾಗ. ಬರ್ಮೀ ಶಕವರ್ಷಕ್ಕೆ 638 ಕೂಡಿದರೆ ಕ್ರಿಸ್ತಶಕ ಬರುತ್ತದೆ ಎಂಬ ಸೂತ್ರವನ್ನು ಕಣ್ಣುಮುಚ್ಚಿ ಬಳಸುತ್ತಾರೆ. ಆ ಕಾಲದಲ್ಲಿ ಬರ್ಮೀ ಹೊಸವರ್ಷ ಬರುತ್ತಿದ್ದದ್ದು ಮಾರ್ಚ್ ಕೊನೆಗೆ. ಆದ್ದರಿಂದ ಜನವರಿ, ಫೆಬ್ರವರಿ ಮತ್ತು ಮಾರ್ಚ್‌ನ ಬಹುಪಾಲು ದಿನಗಳು ಹಳೆಯ ಶಕವರ್ಷಕ್ಕೇ ಸೇರಿರುತ್ತವೆ. ಅವಕ್ಕೆ 639 ಕೂಡಬೇಕು. ತಿಂಗಳು ನೋಡದೆ ಕೂಡಬೇಡಿ. ಆವಾ ಸ್ಥಾಪನೆ ಬರ್ಮೀ ಶಕವರ್ಷ 726ರ ಕೊನೆಯ ತಿಂಗಳಾದ ತಬೌಂಗ್ ಮಾಸದಲ್ಲಿ ಆಯಿತು, ಅಂದರೆ 1365ರ ಫೆಬ್ರವರಿ 26. ಪಿನ್ಯಾ ಸ್ಥಾಪನೆಯದೂ ಇದೇ ಕಥೆ: 674ಕ್ಕೆ 638 ಕೂಡಿದವರು 1312 ಎಂದು ಬರೆಯುತ್ತಾರೆ, ಅದು ನಿಜಕ್ಕೂ 1313ರ ಫೆಬ್ರವರಿ 7. ಸಗಾಯಿಂಗ್‌ನ 677 ಮಾತ್ರ ಮೇ ತಿಂಗಳಿನದಾದ್ದರಿಂದ 638 ಕೂಡಿದರೆ ಸಾಕು, 1315 ಸರಿಯಾಗಿ ಬರುತ್ತದೆ.