ನನ್ನ ಹೆಣ್ಣು ಬೆಟ್ಟಾ ಮೀನು ಎಂಟು ತಿಂಗಳಾದರೂ ಎರಡು ಇಂಚು ದಾಟಿಲ್ಲ. ಬೇಗ ಬೆಳೆಯಲು ಯಾವ ಆಹಾರ ಹಾಕಬೇಕು?

ನಾಲ್ಕು ವರ್ಷಗಳ ಹಿಂದೆ ಬಸವನಗುಡಿಯ ನಮ್ಮ ಮನೆಯಲ್ಲಿ ಮಗಳ ಪ್ಲಾಸ್ಟಿಕ್ ಸ್ಕೇಲನ್ನು ಮೀನಿನ ತೊಟ್ಟಿಯ ಗಾಜಿಗೆ ಒತ್ತಿ ಹಿಡಿದು, ಪ್ರತಿ ಭಾನುವಾರ ನಾನು ಕೊರಗುತ್ತಿದ್ದದ್ದೂ ಇದಕ್ಕೇ. ಬಾಲ ಬಿಟ್ಟು ಅಳೆದರೆ ನಾಲ್ಕು ಸೆಂಟಿಮೀಟರ್, ಸೇರಿಸಿದರೆ ಐದು. ಪಕ್ಕದ ತೊಟ್ಟಿಯ ಗಂಡು ಬೆಟ್ಟಾ ಅದರ ಎರಡರಷ್ಟು ಕಾಣುತ್ತಿತ್ತು. ಆ ವೈಭವದಲ್ಲಿ ಹೆಚ್ಚಿನ ಪಾಲು ರೆಕ್ಕೆಗಳದ್ದು ಎಂಬುದು ನನಗೆ ಹೊಳೆಯಲಿಲ್ಲ.

ಮೀನು ಸಣ್ಣದಾಗಿರುವುದಕ್ಕೆ ಹಸಿವೇ ಕಾರಣವೆಂದು ತೀರ್ಮಾನಿಸಿದ್ದು ನಾನು ಮಾಡಿದ ತಪ್ಪು. ದಿನಕ್ಕೆ ಎರಡು ಸಲ ಮೂರು ಮೂರು ಕಾಳು ಹಾಕುತ್ತಿದ್ದವನು ನಾಲ್ಕು ಸಲ ಹಾಕತೊಡಗಿದೆ, ಸಾಲದೆಂಬಂತೆ ಒಣಗಿಸಿದ ಕೆಂಪು ಹುಳುವನ್ನೂ ಸೇರಿಸಿದೆ. ಅದು ಡಿಸೆಂಬರ್. ತೊಟ್ಟಿಗೆ ಹೀಟರ್ ಇರಲಿಲ್ಲ. ಬೆಳಗಿನ ಹೊತ್ತು ನೀರು 20 ಡಿಗ್ರಿಯಲ್ಲಿರುತ್ತಿತ್ತೆಂಬುದು ಥರ್ಮಾಮೀಟರ್ ತಂದ ಮೇಲಷ್ಟೇ, ಅಂದರೆ ತಡವಾಗಿ, ತಿಳಿಯಿತು. ಥಾಯ್ಲೆಂಡಿನ ಭತ್ತದ ಗದ್ದೆಗಳ ಬೆಚ್ಚನೆಯ ನೀರಿನಿಂದ ಬಂದ ಈ ಜಾತಿಗೆ 25ರಿಂದ 28 ಡಿಗ್ರಿ ಬೇಕು. ಮೀನಿನ ಮೈ ನೀರಿನಷ್ಟೇ ಬಿಸಿಯಾಗಿರುವುದರಿಂದ ನೀರು ತಣ್ಣಗಾದರೆ ಅದರ ಜೀರ್ಣಶಕ್ತಿಯೂ ಕುಂದುತ್ತದೆ. ಹಾಗಾಗಿ ತಿಂದದ್ದು ಹೊಟ್ಟೆಯಲ್ಲೇ ಉಳಿಯಿತು, ತಿನ್ನದೆ ಬಿಟ್ಟದ್ದು ಜಲ್ಲಿಕಲ್ಲಿನ ಸಂದಿಯಲ್ಲಿ ಕೊಳೆತು ನೀರಿಗೆ ಅಮೋನಿಯಾ ಸೇರಿಸಿತು. ಹೊಟ್ಟೆ ಉಬ್ಬಿದಾಗ ಮೀನು ಕೊನೆಗೂ ಬೆಳೆಯಿತೆಂದು ಮನೆಯವರನ್ನೆಲ್ಲ ಕರೆದು ತೋರಿಸಿದ ಜಾಣ ನಾನು! ಹತ್ತು ದಿನಗಳಲ್ಲಿ ಮೈಮೇಲಿನ ಚಿಪ್ಪುಗಳು ನಿಮಿರಿ ನಿಂತವು. ಆಮೇಲೆ ಅದು ಬದುಕಲಿಲ್ಲ.

ಅದರ ಹೊಟ್ಟೆಯ ಕೆಳಗೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಯೊಂದಿತ್ತು. ಅದನ್ನು ರೋಗವೆಂದು ತಿಳಿದು ಔಷಧಿಯನ್ನೂ ತಂದಿದ್ದೆ. ಪ್ರಾಯಕ್ಕೆ ಬಂದ ಹೆಣ್ಣಿನಲ್ಲಿ ಎದ್ದು ಕಾಣುವ ಮೊಟ್ಟೆನಾಳದ ತುದಿಯದು. ನಾನು ಬೆಳೆಸಲು ಹೊರಟದ್ದು ಆಗಲೇ ಬೆಳೆದು ಮುಗಿದಿದ್ದ ಮೀನನ್ನು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಬೆಟ್ಟಾ ಮೂರ್ನಾಲ್ಕು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ, ಆರೇಳು ತಿಂಗಳಿಗೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಹೆಣ್ಣಿಗೆ ಐದು ಸೆಂಟಿಮೀಟರ್, ಅಂದರೆ ನಿಮ್ಮ ಎರಡು ಇಂಚು, ಪೂರ್ಣ ಗಾತ್ರವೇ. ಬೇಗ ಬೆಳೆಸುವ ಆಹಾರಕ್ಕೆ ಇಟ್ಟಿರುವ ಹಣದಲ್ಲಿ ಹೀಟರ್ ಮತ್ತು ಥರ್ಮಾಮೀಟರ್ ತನ್ನಿ. ಇಪ್ಪತ್ತು ಲೀಟರಿನ ತೊಟ್ಟಿ ಒಳ್ಳೆಯದೇ, ಆದರೆ ಮೀನು ಉದ್ದವಾಗಲೆಂದಲ್ಲ, ನೀರು ಬೇಗ ಕೆಡದಿರಲೆಂದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿಯ ಕಾವೇರಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸದೆ ತೊಟ್ಟಿಗೆ ಸುರಿಯಬೇಡಿ.

ಹೊಟ್ಟೆ ಉಬ್ಬಿದಂತೆ ಕಂಡರೆ ಮೇಲಿನಿಂದ ನೋಡಿ. ಮೊಟ್ಟೆ ತುಂಬಿದ್ದರೆ ಚಿಪ್ಪುಗಳು ಮೈಗೆ ಅಂಟಿಕೊಂಡೇ ಇರುತ್ತವೆ. ತಿಂದು ಉಬ್ಬಿದೆಯೆಂಬ ಅನುಮಾನವಿದ್ದರೆ ಎರಡು ದಿನ ಏನನ್ನೂ ಹಾಕಬೇಡಿ, ಅದು ಗಾಜಿನ ಬಳಿ ಬಂದು ಎಷ್ಟೇ ಕುಣಿದರೂ.